ಕೈ ಉರಿಸದ ನೊರೆ: ಅಂಟುವಾಳದ ನೀರು ಕಾಯಿಸುವ ಬಗೆ

ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಚರ್ಮದ ತೊಂದರೆಗೆ ನನ್ನಲ್ಲಿಗೆ ಬರುವವರಲ್ಲಿ ಕೈ ತೋರಿಸುವವರೇ ಹೆಚ್ಚು. ಬೆರಳ ತುದಿ ಸೀಳಿರುತ್ತದೆ, ಉಂಗುರದಡಿ ಕೆಂಪಾಗಿ ತುರಿಸುತ್ತದೆ, ನಿಂಬೆಹಣ್ಣು ಹಿಂಡಿದರೆ ಪ್ರಾಣ ಹೋಗುವಷ್ಟು ಉರಿ. ಮುಲಾಮು ಬರೆಯುವ ಮೊದಲು ನಾನು ಕೇಳುವುದು: ಬಚ್ಚಲಿಗೆ, ನೆಲಕ್ಕೆ, ಪಾತ್ರೆಗೆ ಏನು ಹಾಕ್ತೀರಮ್ಮಾ? ಪಾಚಿಗೆ ಆಸಿಡ್, ಬೂಷ್ಟಿಗೆ ಬ್ಲೀಚಿಂಗ್ ಪೌಡರ್, ನೆಲಕ್ಕೆ ಫಿನಾಯಿಲ್, ಪಾತ್ರೆಗೆ ಸೋಪು. ಇಷ್ಟೂ ಬರಿಗೈಯಲ್ಲಿ.

ನಮ್ಮ ಚರ್ಮದ ಮೇಲ್ಪದರ ತುಸು ಹುಳಿ ಗುಣದ್ದು, ಹುಳಿ-ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ 5ರ ಆಸುಪಾಸು. ಸೋಪಿನ ನೀರು ಕ್ಷಾರ, 9–10. ದಿನವೆಲ್ಲ ಅದರಲ್ಲೇ ಕೈ ಅದ್ದಿದರೆ ಚರ್ಮದ ಜಿಡ್ಡು ತೊಳೆದುಹೋಗಿ ಒಳಗಿನ ತೇವ ಆರುತ್ತದೆ, ಬಿರುಕು ಬಿಡುತ್ತದೆ. ದಿನನಿತ್ಯದ ಕೊಳೆಗೆ ಇಷ್ಟು ಉಗ್ರವಾದದ್ದು ಬೇಕಿಲ್ಲ. ಅಕ್ಕಸಾಲಿಗರು ಒಡವೆಗೆ, ಅಜ್ಜಿಯಂದಿರು ರೇಷ್ಮೆ ಸೀರೆಗೆ ಬಳಸುತ್ತಿದ್ದ ಅಂಟುವಾಳ ಸಾಕು. ಅದರ ಸಿಪ್ಪೆಯಲ್ಲಿರುವ ಸಪೋನಿನ್ ಜಿಡ್ಡನ್ನು ಸಣ್ಣ ಹನಿಗಳಾಗಿ ಒಡೆದು ನೀರಿನ ಜೊತೆ ಕೊಂಡೊಯ್ಯುತ್ತದೆ. ನೀರು ತುಸು ಹುಳಿಯದ್ದೇ ಆದ್ದರಿಂದ ಕೈಗೂ ಅಷ್ಟು ಬಾಧಿಸದು.

ಶಿವಮೊಗ್ಗದ ಗಾಂಧಿ ಬಜಾರಿನ ಗ್ರಂದಿಗೆ ಅಂಗಡಿಗಳಲ್ಲಿ ಕೇಳಿ. ಹಳ್ಳಿಯವರಾದರೆ ಮರವಿರುವ ಮನೆ ನಿಮಗೇ ಗೊತ್ತಿರುತ್ತದೆ. ಕಾಯಿ ಜಜ್ಜಿ ಕರಿ ಬೀಜ ತೆಗೆಯಿರಿ, ನೊರೆ ಇರುವುದು ಸಿಪ್ಪೆಯಲ್ಲಿ ಮಾತ್ರ. ಹದಿನೈದು ಇಪ್ಪತ್ತು ಕಾಯಿಯ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಸ್ಟೀಲ್ ಪಾತ್ರೆಯಲ್ಲಿ ಕಾಲು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ. ಪಾತ್ರೆ ದೊಡ್ಡದಿರಲಿ, ನೊರೆ ಉಕ್ಕಿ ಒಲೆಗೆ ಬೀಳುತ್ತದೆ. ಆರಿದ ಮೇಲೆ ಚೆನ್ನಾಗಿ ಕಿವುಚಿ ಬಟ್ಟೆಯಲ್ಲಿ ಸೋಸಿ. ಹಿಂಡಿದ ಸಿಪ್ಪೆಯನ್ನು ಎಸೆಯಬೇಡಿ, ಮತ್ತೊಂದು ಸಲ ಕುದಿಸಿದರೆ ತೆಳು ನೀರು ಸಿಗುತ್ತದೆ, ಒರೆಸುವ ಬಟ್ಟೆ ನೆನೆಸಲು ಆಗುತ್ತದೆ.

ಪಾತ್ರೆಗೆ ಹಾಗೇ ಬಳಸಿ. ನೆಲಕ್ಕೆ ಒಂದು ಬಕೆಟ್ ನೀರಿಗೆ ಒಂದು ಲೋಟ ಸಾಕು. ಜಾಸ್ತಿಯಾದರೆ ಅಂಟು ಉಳಿಯುತ್ತದೆ, ಆಗ ಬರಿ ನೀರಿನಲ್ಲಿ ಇನ್ನೊಮ್ಮೆ ಒರೆಸಬೇಕು. ಬಿಳಿ ಬಟ್ಟೆಗೆ ಕಂದು ಬಣ್ಣ ಹಿಡಿದೀತು. ಕಣ್ಣಿಗೆ ಹಾರಿದರೆ ಜೋರು ಉರಿ, ಮಕ್ಕಳ ಕೈಗೆ ಸಿಗದಂತಿಡಿ. ನಮ್ಮ ಮಳೆಗಾಲದ ತೇವದ ಹವೆಯಲ್ಲಿ ಹೊರಗಿಟ್ಟರೆ ಎರಡು ಮೂರು ದಿನಕ್ಕೇ ಹುಳಿ ವಾಸನೆ ಬರುತ್ತದೆ. ಬೇಕಾದಷ್ಟೇ ಮಾಡಿ, ಉಳಿದದ್ದನ್ನು ಫ್ರಿಜ್‌ನಲ್ಲಿಡಿ.

ಅಡುಗೆ ಸೋಡಾಕ್ಕೆ ವಿನೆಗರ್ ಸೇರಿಸಿದರೆ ಬುಸುಗುಟ್ಟುವುದು ಕಂಡು ಬಲವಾದ ಮದ್ದೆಂದು ನಂಬುವವರಿದ್ದಾರೆ. ಹುಳಿ, ಕ್ಷಾರ ಎರಡೂ ಒಂದನ್ನೊಂದು ಕೊಂದು ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಬೇರೆಬೇರೆಯಾಗಿ ಬಳಸಿ. ತಳ ಹಿಡಿದ ಪಾತ್ರೆಗೆ ಸೋಡಾ, ನಲ್ಲಿಯ ಬಿಳಿ ಕಲೆಗೆ ನಿಂಬೆ. ಕಡಪಾ ಕಲ್ಲಿಗೆ, ರೆಡ್ ಆಕ್ಸೈಡ್ ನೆಲಕ್ಕೆ ಮಾತ್ರ ನಿಂಬೆಯೂ ಬೇಡ, ವಿನೆಗರೂ ಬೇಡ. ಹುಳಿ ಅವನ್ನು ತಿನ್ನುತ್ತದೆ.

ಅಂಟುವಾಳ ಕೊಳೆ ತೆಗೆಯುತ್ತದೆ, ಆದರೆ ರೋಗಾಣು ಕೊಲ್ಲುತ್ತದೆಂದು ನಂಬಬೇಡಿ. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿಯಾದರೆ ಕಕ್ಕಸಿಗೆ ಬ್ಲೀಚಿಂಗ್ ಪೌಡರೇ ಬೇಕು. ಅದನ್ನು ಕೈಗವಸು ಹಾಕಿಕೊಂಡು, ಕಿಟಕಿ ತೆರೆದು, ಬರಿ ನೀರಿನೊಂದಿಗೇ ಬಳಸಿ. ಆಸಿಡ್ ಸುರಿದ ಜಾಗಕ್ಕೆ ಬ್ಲೀಚ್ ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಹಾಕಿದ ಸಣ್ಣ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನೇ ಸುಟ್ಟೀತು. ಕೆಮ್ಮು ಬಂದೊಡನೆ ಎಲ್ಲ ಬಿಟ್ಟು ಹೊರಗೆ ಓಡಿ. ಉಸಿರು ಕಟ್ಟಿದಂತಾದರೆ ಆಸ್ಪತ್ರೆಗೆ ಹೋಗಿ.

ತೋಟದ ಮನೆಯವರಿಗೆ ಇನ್ನೊಂದು ಮಾತು. ಸಪೋನಿನ್ ಮೀನಿಗೆ ವಿಷ. ಮಿಕ್ಕ ನೀರನ್ನು ಹಳ್ಳಕ್ಕೋ ಕೆರೆಗೋ ಚೆಲ್ಲದೆ ಅಂಗಳದ ಮಣ್ಣಿಗೆ ಸುರಿಯಿರಿ. ಕೆಲಸ ಮುಗಿದ ಮೇಲೆ ಕೈ ಒರೆಸಿಕೊಂಡು, ತೇವ ಪೂರ್ತಿ ಆರುವ ಮೊದಲೇ ತೆಂಗಿನೆಣ್ಣೆ ಸವರಿ. ಹೀಗೆ ಎರಡು ವಾರ ನೋಡಿಕೊಂಡರೂ ಸೀಳು ಕೂಡದಿದ್ದರೆ, ಕೀವಾದರೆ, ಚರ್ಮದ ವೈದ್ಯರಿಗೆ ತೋರಿಸಿ. ಬರುವಾಗ ಮನೆಯಲ್ಲಿ ಬಳಸುವ ಬಾಟಲಿಗಳ ಲೇಬಲ್‌ಗಳ ಫೋಟೋ ತೆಗೆದುಕೊಂಡು ಬನ್ನಿ.