ಪೊಲೀಸರನ್ನು ‘ಬರೀ ತಳ್ಳಿದರೆ’ ಏನಾಗುತ್ತದೆ?

‘ನಾನು ಹೊಡೆಯಲೇ ಇಲ್ಲ ಸರ್, ಬರೀ ತಳ್ಳಿದೆ.’ ಇಂಥ ಪ್ರಕರಣಗಳಲ್ಲಿ ಕಕ್ಷಿದಾರರು ಸಾಮಾನ್ಯವಾಗಿ ಆಡುವ ಮೊದಲ ಮಾತು ಇದು. ಪ್ರಕರಣಕ್ಕೆ ಅಷ್ಟೇ ಸಾಕು. ಕರ್ತವ್ಯನಿರತ ಪೊಲೀಸರನ್ನು ತಡೆಯಲೆಂದು ಕಾಲರ್ ಹಿಡಿದರೂ, ಹೊಡೆಯುವಂತೆ ಕೈ ಎತ್ತಿದರೂ ಭಾರತೀಯ ನ್ಯಾಯ ಸಂಹಿತೆಯ 132ನೇ ಸೆಕ್ಷನ್ ಬೀಳುತ್ತದೆ. ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ. 2024ರ ಜುಲೈ 1ಕ್ಕೆ ಮುಂಚೆ ಇದೇ ಅಪರಾಧ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 353ನೇ ಸೆಕ್ಷನ್ ಆಗಿತ್ತು. ಕೋರ್ಟ್ ಆವರಣದಲ್ಲಿ ಈಗಲೂ ಹಳೆಯ ಸಂಖ್ಯೆಯೇ ಬಾಯಿಗೆ ಬರುತ್ತದೆ. ಎರಡೇ ವರ್ಷವೆಂದು ಹಗುರವಾಗಿ ಎಣಿಸಬೇಡಿ. ಇದು ಜಾಮೀನುರಹಿತ ಅಪರಾಧ. ಬಂಧನವಾದರೆ ಜಾಮೀನನ್ನು ಹಕ್ಕಾಗಿ ಕೇಳುವಂತಿಲ್ಲ. ಅರ್ಜಿ ಹಾಕಿ, ಸರ್ಕಾರಿ ವಕೀಲರ ತಕರಾರು ಬಂದು, ಆದೇಶವಾಗುವವರೆಗೆ ಒಳಗಿರಬೇಕಾಗಬಹುದು.

ಗಾಯವಾದರೆ ಲೆಕ್ಕವೇ ಬೇರೆ. 121ನೇ ಸೆಕ್ಷನ್‌ನಡಿ ಸಾದಾ ಗಾಯಕ್ಕೆ ಐದು ವರ್ಷದವರೆಗೆ ಶಿಕ್ಷೆ. ಹಳೆಯ ಕಾನೂನಿನಲ್ಲಿ ಮೂರೇ ಇತ್ತು. ತೀವ್ರ ಗಾಯವಾದರೆ ಹತ್ತು ವರ್ಷದವರೆಗೆ, ಒಂದು ವರ್ಷಕ್ಕಿಂತ ಕಡಿಮೆಯಂತೂ ಇಲ್ಲ. ಒಂದು ಹಲ್ಲು ಮುರಿದರೂ ಅದು ತೀವ್ರ ಗಾಯವೇ. ಹಾಗಾಗಿ ನಾನು ಎಫ್‌ಐಆರ್ ಓದಿದ ಮೇಲೆ ಮೊದಲು ಹುಡುಕುವುದು ವೈದ್ಯರು ಕೊಟ್ಟ ವೂಂಡ್ ಸರ್ಟಿಫಿಕೇಟ್, ಅಂದರೆ ಗಾಯ ಸಾದಾ ಅಥವಾ ತೀವ್ರ ಎಂದು ಹೇಳುವ ಪ್ರಮಾಣಪತ್ರ.

ಆದರೆ ಬರೀ ಮಾತು ಹಲ್ಲೆಯಲ್ಲ. ಅಪಘಾತವೊಂದರ ಸಂಬಂಧ ಠಾಣೆಗೆ ಕರೆಸಿದ ಇನ್‌ಸ್ಪೆಕ್ಟರ್ ಒರಟಾಗಿ ನಡೆದುಕೊಂಡರೆಂದು ದಂಪತಿಯೊಬ್ಬರು ಬೆಂಗಳೂರು ಸಂಚಾರ ಪೊಲೀಸರ ಫೇಸ್‌ಬುಕ್ ಪುಟದಲ್ಲಿ ಬರೆದಿದ್ದಕ್ಕೆ 353 ಹಾಕಲಾಗಿತ್ತು! 2015ರಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣವನ್ನು ರದ್ದುಪಡಿಸಿತು. ಕರ್ತವ್ಯದ ನಂಟೂ ಬೇಕು. ರಜೆಯಲ್ಲಿರುವ ಕಾನ್‌ಸ್ಟೆಬಲ್ ಜತೆ ಮನೆಯೆದುರು ಪಾರ್ಕಿಂಗ್‌ಗಾಗಿ ಕೈಕೈ ಮಿಲಾಯಿಸಿದರೆ ಅದು ನೆರೆಹೊರೆಯವರ ಜಗಳ, 132 ಅಲ್ಲ. ಆದರೆ ಹಿಂದೆ ಕೇಸು ಹಾಕಿದ ಸಿಟ್ಟಿಗೆ ಹೊಡೆದಿದ್ದರೆ, ರಜೆಯಿದ್ದರೂ ಸೆಕ್ಷನ್ ಬೆನ್ನು ಬಿಡದು.

‘ತಪ್ಪು ಅವರದೇ’ ಎಂಬ ವಾದ ಜನ ನಂಬಿದಷ್ಟು ಗಟ್ಟಿಯಲ್ಲ. ಅಧಿಕಾರಿ ಸದುದ್ದೇಶದಿಂದ ತನ್ನ ಹುದ್ದೆಯ ಕೆಲಸವೆಂದು ಮಾಡಿದ ಕೃತ್ಯ ಕಟ್ಟುನಿಟ್ಟಾಗಿ ಕಾನೂನಿಗೆ ಹೊಂದದಿದ್ದರೂ, ಸಾವು ಅಥವಾ ತೀವ್ರ ಗಾಯದ ಭಯವಿಲ್ಲದಿದ್ದರೆ ಆತ್ಮರಕ್ಷಣೆಯ ಹಕ್ಕು ಹುಟ್ಟುವುದಿಲ್ಲ. ಪೊಲೀಸರು ಗಾಡಿಯ ಕೀ ಕಿತ್ತುಕೊಂಡರೆಂದು ಕೈ ಮಾಡುವ ಬದಲು ಹೆಸರು, ಸಮಯ, ಸ್ಥಳ ಬರೆದುಕೊಂಡು ಪೊಲೀಸ್ ವರಿಷ್ಠಾಧಿಕಾರಿಗೋ ಪೊಲೀಸ್ ದೂರು ಪ್ರಾಧಿಕಾರಕ್ಕೋ ದೂರು ಕೊಡಿ. ಪಕ್ಕದ ಅಂಗಡಿಯ ಸಿಸಿಟಿವಿ ದೃಶ್ಯವನ್ನು ಅದು ಅಳಿಯುವ ಮೊದಲೇ ಕಾದಿರಿಸಲು ಲಿಖಿತವಾಗಿ ಕೇಳಿ.