ಮನೆ ಊರಾಚೆ, ಕೆಲಸ ಶಿವಮೊಗ್ಗದಲ್ಲಿ: ರೈಲನ್ನು ನಂಬಿಕೊಳ್ಳಬಹುದೇ?

ಪ್ರಶ್ನೆ: ಶಿವಮೊಗ್ಗಕ್ಕೆ ವರ್ಗವಾಗಿದೆ. ಇಬ್ಬರು ಚಿಕ್ಕ ಮಕ್ಕಳು, ಜೊತೆಗೆ ವಯಸ್ಸಾದ ಅಮ್ಮ. ಊರೊಳಗಿನ ಗಲಾಟೆ ಬೇಡ, ಬಾಡಿಗೆಯೂ ಕೈಗೆಟುಕಬೇಕು. ದಿನಾ ರೈಲಿನಲ್ಲಿ ಹೋಗಿ ಬರುವಂಥ ಹತ್ತಿರದ ಊರು ಯಾವುದು? ಭದ್ರಾವತಿಯೋ, ತರೀಕೆರೆಯೋ, ಸಾಗರವೋ?

ಉತ್ತರ: ಭದ್ರಾವತಿ. ಆದರೆ ಅದಕ್ಕೆ ಕಾರಣ ರೈಲಲ್ಲ.

ಬೆಂಗಳೂರಿನಿಂದಲೋ ಮುಂಬೈಯಿಂದಲೋ ಬಂದವರು ಹಳಿ ಇದೆ ಅಂದರೆ ರೈಲು ಇರುತ್ತದೆ ಅಂದುಕೊಳ್ಳುತ್ತಾರೆ. ನಮ್ಮ ಕಡೆ ಹಾಗಲ್ಲ. ಬೀರೂರು ಜಂಕ್ಷನ್‌ನಲ್ಲಿ ಕವಲೊಡೆಯುವ ಹಳಿ ತರೀಕೆರೆ, ಭದ್ರಾವತಿ, ಶಿವಮೊಗ್ಗ, ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪದಲ್ಲಿ ಮುಗಿಯುತ್ತದೆ. ಜೋಡಿ ಹಳಿ ಇಲ್ಲ. ಎದುರಿನಿಂದ ಗಾಡಿ ಬರುವುದಿದ್ದರೆ ನಿಮ್ಮ ಗಾಡಿ ಕ್ರಾಸಿಂಗ್‌ಗೆ ಕಾಯಬೇಕು. ತೀರ್ಥಹಳ್ಳಿ, ಹೊಸನಗರ, ಸೊರಬ, ಶಿಕಾರಿಪುರದ ಕಡೆ ಮನೆ ನೋಡುವುದಾದರೆ ರೈಲಿನ ಮಾತೇ ಇಲ್ಲ.

ಇನ್ನೂ ದೊಡ್ಡ ತೊಡಕು ಸಮಯದ್ದು. ಈ ಹಳಿಯ ಮುಖ್ಯ ಗಾಡಿಗಳೆಲ್ಲ ಬೆಂಗಳೂರು, ಮೈಸೂರಿಗೆ ಹೊಂದಿಸಿಕೊಂಡೇ ಓಡುವಂಥವು. ಜನಶತಾಬ್ದಿ ಬೆಳಕು ಹರಿಯುವ ಮೊದಲೇ ಶಿವಮೊಗ್ಗ ಬಿಟ್ಟು ಬೆಂಗಳೂರಿಗೆ ಹೋಗಿ ರಾತ್ರಿ ಹಿಂತಿರುಗುತ್ತದೆ. ಮೈಸೂರಿನ ಒಂದು ಗಾಡಿ ರಾತ್ರಿಯೆಲ್ಲ ಓಡುವಂಥದ್ದು. ಬೆಂಗಳೂರಿನಲ್ಲಿ ಕೆಲಸ ಮುಗಿಸಿ ಬರುವವರಿಗೆ ಇದು ವರ. ಹತ್ತು ಗಂಟೆಗೆ ಶಿವಮೊಗ್ಗದ ಕಚೇರಿಯಲ್ಲಿ ಹಾಜರಿ ಹಾಕಿ ಸಂಜೆ ಐದೂವರೆಗೆ ಎದ್ದು ಹೊರಡುವ ನಿಮಗೆ ಇದರಿಂದ ಏನೂ ಉಪಯೋಗವಿಲ್ಲ.

ಹಾಗಾಗಿ ವೇಳಾಪಟ್ಟಿ ತೆಗೆದಾಗ ಮೊದಲು ಬೆಳಗಿನ ಗಾಡಿ ನೋಡಬೇಡಿ, ಸಂಜೆಯದು ನೋಡಿ. ಬೆಳಿಗ್ಗೆ ಹೇಗೋ ತಲುಪುತ್ತೀರಿ, ಬೇಗ ಎದ್ದರಾಯಿತು. ಸಂಜೆ ಹಾಗಲ್ಲ. ಐದೂವರೆಗೆ ಹೊರಟು, ಆಟೋ ಹಿಡಿದು, ದುರ್ಗಿಗುಡಿಯ ಟ್ರಾಫಿಕ್ ದಾಟಿ ಶಿವಮೊಗ್ಗ ಟೌನ್ ನಿಲ್ದಾಣ ಮುಟ್ಟುವಷ್ಟರಲ್ಲಿ ಗಾಡಿ ಹೋಗಿರಬಾರದು. ರಾತ್ರಿ ಒಂಬತ್ತರವರೆಗೆ ಕಾಯಿಸಲೂಬಾರದು. ನಿಮ್ಮ ಹೊತ್ತಿಗೆ ಸರಿಹೊಂದುವ ಸಂಜೆಯ ಗಾಡಿ ಯಾವ ಊರಿಗಿದೆ ಅಂತ ನೋಡಿದ ಮೇಲೆ ಇನ್ನೂ ಒಂದು ಪ್ರಶ್ನೆ ಉಳಿಯುತ್ತದೆ: ಅದು ತಪ್ಪಿದ ದಿನ ಮನೆಗೆ ಹೇಗೆ ಹೋಗುತ್ತೀರಿ? ನನ್ನ ಪ್ರಕಾರ ಊರು ತೀರ್ಮಾನವಾಗಬೇಕಾದ್ದು ಈ ಎರಡನೇ ಪ್ರಶ್ನೆಯಿಂದ.

ಭದ್ರಾವತಿ ಗೆಲ್ಲುವುದು ಇಲ್ಲೇ. ಶಿವಮೊಗ್ಗದಿಂದ ಸುಮಾರು ಇಪ್ಪತ್ತು ಕಿಲೋಮೀಟರ್. ಬಿ.ಎಚ್. ರಸ್ತೆಯಲ್ಲಿ ಸರ್ಕಾರಿ ಬಸ್ಸು, ಖಾಸಗಿ ಬಸ್ಸು ಒಂದರ ಹಿಂದೊಂದು ಓಡುತ್ತವೆ. ಸಂಜೆ ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ‘ಭದ್ರಾವ್ತಿ ಭದ್ರಾವ್ತಿ’ ಅಂತ ಕೂಗುವ ಕಂಡಕ್ಟರ್ ನಿಮ್ಮ ಬ್ಯಾಗಿಗೆ ಕೈ ಹಾಕಿ ಹತ್ತಿಸಿಕೊಳ್ಳುವಷ್ಟು ಪೈಪೋಟಿ. ಮುಕ್ಕಾಲು ಗಂಟೆಯೊಳಗೆ ಮನೆ. ರೈಲು ಸಿಕ್ಕ ದಿನ ರೈಲು, ಸಿಗದ ದಿನ ಬಸ್ಸು. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸವಿದ್ದರಂತೂ ಬಸ್ಸೇ ಸರಿ, ಅದು ದಾರಿಯಲ್ಲೇ ಸಿಗುತ್ತದೆ.

ಕುಟುಂಬದ ದೃಷ್ಟಿಯಿಂದಲೂ ಊರು ಚೆನ್ನಾಗಿದೆ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಎರಡೂ ಮೈಸೂರು ಸಂಸ್ಥಾನದ ಕಾಲದವು. ಕಬ್ಬಿಣದ ಕಾರ್ಖಾನೆಗೆ ಆಮೇಲೆ ವಿಶ್ವೇಶ್ವರಯ್ಯನವರ ಹೆಸರೇ ಬಂತು. ಕಾರ್ಖಾನೆಯವರಿಗಾಗಿ ಕಟ್ಟಿದ ನ್ಯೂ ಟೌನ್, ಕಾಗದನಗರದ ಕಡೆ ಅಗಲವಾದ ರಸ್ತೆ, ದೊಡ್ಡ ಮರಗಳು, ಮಕ್ಕಳು ಆಡಲು ಮೈದಾನ ಇವತ್ತಿಗೂ ಇವೆ. ಶಾಲೆ, ಪಿಯು, ಡಿಗ್ರಿ ಕಾಲೇಜು ಎಲ್ಲ ಊರಲ್ಲೇ ಇರುವುದರಿಂದ ಮಕ್ಕಳನ್ನು ದಿನಾ ಶಿವಮೊಗ್ಗಕ್ಕೆ ಕಳಿಸುವ ಪಾಡಿಲ್ಲ. ಬಾಡಿಗೆಗೆ ಜನ್ನಾಪುರ, ಹೊಸಮನೆ ಕಡೆ ವಿಚಾರಿಸಿ. (ನಮ್ಮ ಕಡೆ ಹಿರಿಯರಿಗೆ ಭದ್ರಾವತಿ ಅಂದರೆ ಮೊದಲು ನೆನಪಾಗುವುದು ಈ ಯಾವುದೂ ಅಲ್ಲ, ಆಕಾಶವಾಣಿ. ನಿಮ್ಮ ಅಮ್ಮನನ್ನೇ ಕೇಳಿ ನೋಡಿ.)

ಕೊರತೆಯನ್ನೂ ಹೇಳಬೇಕಲ್ಲ. ಕಾಗದದ ಕಾರ್ಖಾನೆ ನಿಂತುಹೋಗಿದೆ. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರಲ್ಲಿ ಹೊರಬಿದ್ದು, ಕಾರ್ಮಿಕರು ಹೋರಾಟಕ್ಕಿಳಿದಿದ್ದರು. ದುಡಿಮೆ ಕಡಿಮೆಯಾದ ಊರಿನ ಮಂಕು ಕೆಲವು ಬೀದಿಗಳಲ್ಲಿ ಕಾಣುತ್ತದೆ. ಬಾಡಿಗೆಗೆ ಬರುವವರಿಗೆ ಅದರಿಂದ ಲಾಭವೇ, ನಿವೇಶನ ಕೊಳ್ಳುವವರು ಮಾತ್ರ ಯೋಚಿಸಬೇಕು. ಇನ್ನೊಂದು, ಹೊಳೆ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆಯ ಗೇಟು ತೆಗೆದ ದಿನ ಹೊಸ ಸೇತುವೆ ಮುಳುಗುವುದುಂಟು, ಕವಲಗುಂದಿಯಂಥ ತಗ್ಗು ಜಾಗಕ್ಕೆ ನೀರು ನುಗ್ಗುವುದುಂಟು. ಮನೆ ನೋಡಲು ಹೋದಾಗ ಓನರ್ ಮಾತಿಗಿಂತ ಪಕ್ಕದ ಮನೆಯ ಅಜ್ಜಿಯನ್ನು ‘ಆಗಸ್ಟ್‌ನಲ್ಲಿ ಇಲ್ಲಿವರೆಗೆ ನೀರು ಬಂದಿತ್ತಾ ಅಜ್ಜಿ?’ ಅಂತ ಕೇಳಿ. ಅವರು ಗೋಡೆ ಮೇಲೆ ಬೆರಳಿಟ್ಟು ಗೆರೆ ತೋರಿಸಿದರೆ ಆ ಮನೆ ಬೇಡ.

ತರೀಕೆರೆ ಸಣ್ಣ, ಅಚ್ಚುಕಟ್ಟಾದ ಊರು. ಅಲ್ಲಿಂದಲೂ ಶಿವಮೊಗ್ಗಕ್ಕೆ ಓಡಾಡುವವರಿದ್ದಾರೆ. ಆದರೆ ದೂರ ಭದ್ರಾವತಿಯ ಎರಡರಷ್ಟು, ಜಿಲ್ಲೆಯೂ ಚಿಕ್ಕಮಗಳೂರು. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಕಡೂರು, ಬೀರೂರು ಕಡೆ ಕೆಲಸ, ಇನ್ನೊಬ್ಬರಿಗೆ ಶಿವಮೊಗ್ಗ ಅಂತಿದ್ದರೆ ಮಾತ್ರ ನಡುವಿನ ಊರಾಗಿ ತರೀಕೆರೆ ಸರಿ. ಕುಂಸಿ, ಆನಂದಪುರದಲ್ಲಿ ನಿಲ್ದಾಣವಿದೆ, ನೆಮ್ಮದಿಯಿದೆ. ಆದರೆ ವಯಸ್ಸಾದ ಅಮ್ಮನಿಗೆ ರಾತ್ರಿ ಹೊತ್ತು ಎದೆನೋವು ಬಂದರೆ ದೊಡ್ಡ ಆಸ್ಪತ್ರೆಗೆ ಶಿವಮೊಗ್ಗಕ್ಕೋ ಸಾಗರಕ್ಕೋ ಓಡಬೇಕು. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಕೆಲಸವಿರುವವರಿಗೆ ಆನಂದಪುರ ಹೇಳಿ ಮಾಡಿಸಿದ ಜಾಗ. ನಿಮಗಲ್ಲ.

ಸಾಗರದ ಬಗ್ಗೆ ನನಗೆ ಒಲವಿದೆ. ಒಳ್ಳೆಯ ಶಾಲೆಗಳು, ಓದುವ ಜನ, ಹತ್ತಿರದಲ್ಲೇ ಹೆಗ್ಗೋಡಿನ ನೀನಾಸಂ, ಭಾನುವಾರ ಮಕ್ಕಳನ್ನು ಕರೆದೊಯ್ಯಲು ಇಕ್ಕೇರಿ, ಕೆಳದಿ. ಇಷ್ಟಿದ್ದರೂ ದಿನಾ ಶಿವಮೊಗ್ಗಕ್ಕೆ ಓಡಾಡಲು ಸಾಗರ ಬೇಡ. ಬಸ್ಸಿನಲ್ಲಿ ಹೋಗಲು ಸುಮಾರು ಎರಡು ಗಂಟೆ, ಬರಲು ಎರಡು ಗಂಟೆ. ಮಕ್ಕಳು ಏಳುವ ಮೊದಲು ಹೊರಟು ಅವರು ಮಲಗಿದ ಮೇಲೆ ಮನೆ ಸೇರುವುದಾದರೆ ಕುಟುಂಬಕ್ಕಾಗಿ ಊರು ಆರಿಸಿದ್ದು ಯಾಕೆ? ಮನೆಯಿಂದಲೇ ಕೆಲಸ, ವಾರಕ್ಕೊಮ್ಮೆ ಮಾತ್ರ ಆಫೀಸು ಅನ್ನುವವರು ಕಣ್ಣು ಮುಚ್ಚಿ ಸಾಗರಕ್ಕೆ ಹೋಗಬಹುದು.

ಅಲ್ಲಿಗೆ ಹೋಗುವವರು ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಶಿವಮೊಗ್ಗ, ಭದ್ರಾವತಿಯಲ್ಲಿ ಬಟ್ಟೆ ಒಣಗುವ ದಿನವೂ ಸಾಗರದಲ್ಲಿ ಯೂನಿಫಾರ್ಮ್ ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಹೊಗೆ ಕುಡಿಯುತ್ತಾ ನೇತಾಡುತ್ತಿರುತ್ತದೆ. ಜುಲೈನಲ್ಲಿ ಮರ ಬಿದ್ದು ಕರೆಂಟು ಹೋಗುವುದು, ತಾಲ್ಲೂಕಿನ ಶಾಲೆಗಳಿಗೆ ರಜೆ ಸಾರುವುದು ಮಾಮೂಲು. ಸಾಗರದಲ್ಲಿ ಶಾಲೆಗೆ ರಜೆ ಕೊಟ್ಟ ದಿನ ಶಿವಮೊಗ್ಗದ ನಿಮ್ಮ ಕಚೇರಿಗೆ ರಜೆ ಇರುವುದಿಲ್ಲ, ಮಕ್ಕಳನ್ನು ನೋಡಿಕೊಳ್ಳುವವರು ಮನೆಯಲ್ಲಿರಬೇಕು. ಕಾಡಂಚಿನ ಮನೆಯಾದರೆ ಚಳಿಗಾಲ ಶುರುವಾದಾಗಿನಿಂದ ಬೇಸಿಗೆ ಮುಗಿಯುವವರೆಗೆ ಮಂಗನ ಕಾಯಿಲೆಯ ಎಚ್ಚರವೂ ಬೇಕು. ಉಣ್ಣೆ ಹುಳದಿಂದ ಬರುವ ಈ ಜ್ವರ 1957ರಲ್ಲಿ ಮೊದಲು ಗುರುತಾಗಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಪೇಟೆಯೊಳಗಿನ ಮನೆಯವರಿಗೆ ಅಷ್ಟು ಆತಂಕ ಬೇಡ.

ಇನ್ನು ಖರ್ಚು. ರೈಲಿನ ತಿಂಗಳ ಪಾಸು ದಿನಾ ಟಿಕೆಟ್ ತೆಗೆಯುವುದಕ್ಕಿಂತ ತುಂಬ ಅಗ್ಗ, ಮೂರು ತಿಂಗಳದ್ದು ತೆಗೆದರೆ ಇನ್ನೂ ಉಳಿತಾಯ. ಆದರೆ ಆ ಪಾಸು ನಡೆಯುವುದು ಕಾಯ್ದಿರಿಸದ ಬೋಗಿಗಳಲ್ಲಿ. ಜನಶತಾಬ್ದಿಗೆ ಹತ್ತಿದರೆ ಟಿಸಿ ದಂಡ ಬರೆಯುತ್ತಾರೆ. ಹೆಣ್ಣುಮಕ್ಕಳಿಗೆ ಪದವಿಯವರೆಗೆ, ಗಂಡುಮಕ್ಕಳಿಗೆ ಹನ್ನೆರಡನೇ ತರಗತಿಯವರೆಗೆ ಮನೆಯಿಂದ ಶಾಲೆ, ಕಾಲೇಜಿಗೆ ಹೋಗಿ ಬರಲು ರೈಲ್ವೆ ಉಚಿತ ಪಾಸು ಕೊಡುತ್ತದೆ, ಇದು ಬಹಳ ಮಂದಿಗೆ ಗೊತ್ತಿಲ್ಲ. ಕೆಲಸಕ್ಕೆ ಹೋಗುವವರು ಮನೆಯ ಹೆಂಗಸರಾದರೆ ಲೆಕ್ಕವೇ ಬೇರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ಅವರಿಗೆ ಉಚಿತ, ರೈಲು ಪಾಸಿನ ಉಳಿತಾಯ ಅದರ ಮುಂದೆ ನಿಲ್ಲುವುದಿಲ್ಲ. ಸಾಗರ, ತೀರ್ಥಹಳ್ಳಿ ದಾರಿಯಲ್ಲಿ ಖಾಸಗಿ ಬಸ್ಸುಗಳೂ ಬಹಳ, ಅಲ್ಲಿ ದುಡ್ಡು ಕೊಡಲೇಬೇಕು.

ಇಷ್ಟೆಲ್ಲ ಓದಿ ‘ರೈಲು ಬೇಕಿಲ್ಲ, ಗಲಾಟೆ ಇರದಿದ್ದರೆ ಸಾಕು’ ಅನಿಸಿದರೆ ಶಿವಮೊಗ್ಗದಲ್ಲೇ ನವುಲೆ, ಗೋಪಾಳ, ಗಾಡಿಕೊಪ್ಪದ ಕಡೆ ಒಂದು ಸುತ್ತು ಹಾಕಿ ಬನ್ನಿ. ದೊಡ್ಡ ಊರುಗಳಿಂದ ಬಂದವರಿಗೆ ಇಲ್ಲಿ ಗಲಾಟೆ ಅನಿಸುವುದೇ ಇಲ್ಲ, ಹಳ್ಳಿಯಿಂದ ಬಂದವರಷ್ಟೇ ಗೊಣಗುವುದು.

ಕೊನೆಗೆ ಬ್ರೋಕರ್‌ಗಳ ಮಾತು. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ಮಾರ್ಗಕ್ಕೂ ಕೋಟೆಗಂಗೂರಿನ ಕೋಚಿಂಗ್ ಡಿಪೋಗೂ (ರೈಲು ಬೋಗಿಗಳನ್ನು ನಿರ್ವಹಿಸುವ ಜಾಗ) 2023ರ ಫೆಬ್ರುವರಿಯಲ್ಲಿ, ಸೋಗಾನೆ ವಿಮಾನ ನಿಲ್ದಾಣ ಉದ್ಘಾಟನೆಯಾದ ದಿನವೇ, ಶಂಕುಸ್ಥಾಪನೆಯಾಯಿತು. ಅಂದಿನಿಂದ ಆ ದಿಕ್ಕಿನಲ್ಲಿ ಯಾವ ಲೇಔಟ್‌ಗೆ ಹೋದರೂ ‘ಇಲ್ಲೇ ಸ್ಟೇಷನ್ ಬರ್ತದೆ ಸಾರ್’ ಅನ್ನುತ್ತಾರೆ. ಗಾಡಿ ಓಡಲು ಶುರುವಾಗಿ, ಸಂಜೆ ಆರರ ಆಸುಪಾಸಿಗೆ ಅಲ್ಲಿ ನಿಲ್ಲುವುದನ್ನು ಕಣ್ಣಾರೆ ನೋಡುವವರೆಗೆ ಸ್ಟೇಷನ್ ಹೆಸರಲ್ಲಿ ಹೆಚ್ಚಿಗೆ ದುಡ್ಡು ಕೊಡಬೇಡಿ.