ಮಳೆ ಬದಲಾಗಿದೆಯಾ? ಮಿರಗದಿಂದ ಎಣಿಸಿ ನೋಡಿ

"ಮೊದಲಿನಂಗ ಮಳಿ ಎಲ್ಲಿ ಅದ್ರಿ ಸರ?" ಜೇವರ್ಗಿ, ಅಫಜಲಪುರ ಕಡೆ ಹೊಲಕ್ಕೆ ಹೋದರೆ ಈ ಮಾತು ಕಟ್ಟಿಟ್ಟದ್ದು. ನಾನು ತಿರುಗಿ ಕೇಳುತ್ತೇನೆ: ಮಳೆ ಕಡಿಮೆ ಆಗಿದೆಯಾ, ತಡ ಆಗಿದೆಯಾ, ಇಲ್ಲಾ ಒಂದೇ ಸಲ ಸುರಿದು ಹೋಗುತ್ತಿದೆಯಾ? ಇಲ್ಲಿಗೆ ಮಾತು ನಿಲ್ಲುತ್ತದೆ. ಮೂರೂ ಬೇರೆ ಬೇರೆ ಸಂಗತಿ, ಆದರೆ ನೆನಪಿನಲ್ಲಿ ಮೂರೂ ಕಲಸಿಹೋಗಿರುತ್ತವೆ.

ಕಲಬುರಗಿ ಜಿಲ್ಲೆಯ ವರ್ಷದ ಸರಾಸರಿ ಮಳೆ 700ರಿಂದ 800 ಮಿ.ಮೀ. ಒಳಗೆ ಬರುತ್ತದೆ. ಚಿಂಚೋಳಿಗೆ ಜಾಸ್ತಿ, ಅಫಜಲಪುರಕ್ಕೆ ಕಡಿಮೆ. ಈ ಒಟ್ಟು ಲೆಕ್ಕವನ್ನೇ ಹಿಡಿದು ಕೂತರೆ ಏನೂ ತಿಳಿಯಲ್ಲ. ಒಂದು ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಒಂದೇ ದಿನ 100 ಮಿ.ಮೀ. ಬಿದ್ದರೆ 4 ಲಕ್ಷ ಲೀಟರ್. ಎರೆ (ಕಪ್ಪು) ಮಣ್ಣು ಹಸಿಯಾದ ಕೂಡಲೇ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ನೀರು ಇಂಗುವುದು ಬಲು ನಿಧಾನ. ಅರ್ಧ ಹಳ್ಳಕ್ಕೆ ಹರಿಯುತ್ತದೆ, ಅರ್ಧ ತೊಗರಿ ಬುಡದಲ್ಲಿ ನಿಲ್ಲುತ್ತದೆ, ಬೇರಿಗೆ ಗಾಳಿ ಸಿಗದೆ ಗಿಡ ಸೊರಗುತ್ತದೆ. ಅದೇ 100 ಮಿ.ಮೀ. ಎಂಟು ದಿನದಲ್ಲಿ ಹಂಚಿ ಬಂದಿದ್ದರೆ? ಕಾಗದದ ಮೇಲೆ ಎರಡೂ ಒಂದೇ ಮಳೆ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದುಕೊಳ್ಳಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಹಾಗಾಗಿ ಬಿದ್ದಾಗ ಜೋರಾಗಿ ಬೀಳುವ ಮಳೆ ಹೆಚ್ಚಾಗುತ್ತದೆ. ಅದು ನಿಮ್ಮೂರಲ್ಲೂ ಆಗುತ್ತಿದೆಯಾ ಎಂದು ನೋಡಬೇಕಾದರೆ ಒಟ್ಟು ಮಳೆ ಬಿಟ್ಟು ದಿನಗಳನ್ನು ಎಣಿಸಬೇಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಅದು ಮಳೆ ದಿನ. 64.5 ಮುಟ್ಟಿದರೆ ಭಾರಿ ಮಳೆ. ಇವೆರಡರ ಜೊತೆ, ಮಳೆ ದಿನಗಳ ನಡುವಿನ ಅತಿ ಉದ್ದದ ಬಿಡುವು ಎಷ್ಟು ಅನ್ನೋದನ್ನೂ ಗುರುತು ಹಾಕಿ. ನನ್ನ ಮಟ್ಟಿಗೆ ಈ ಮೂರನೆಯದೇ ಎಲ್ಲಕ್ಕಿಂತ ಮುಖ್ಯ.

ಯಾವ ಕ್ಯಾಲೆಂಡರಿನಲ್ಲಿ ಎಣಿಸಬೇಕು? ಇಲ್ಲಿ ಬಹಳ ಜನ ಎಡವುತ್ತಾರೆ. "ಈ ಸಲ ಯುಗಾದಿಗೆ ಬೇವು ಹೂವೇ ಬಿಟ್ಟಿಲ್ಲ, ಕಾಲ ಕೆಟ್ಟಿತು" ಅಂತಾರೆ. ಆದರೆ ಯುಗಾದಿ ಚಂದ್ರನ ಲೆಕ್ಕದ ಹಬ್ಬ. 2023ರಲ್ಲಿ ಮಾರ್ಚ್ 22ಕ್ಕೆ ಬಂತು, 2024ರಲ್ಲಿ ಏಪ್ರಿಲ್ 9ಕ್ಕೆ. ಜರುಗಿದ್ದು ಹಬ್ಬ, ಬೇವು ಅಲ್ಲ. ರೈತರು ಮಳೆಗಾಲ ಎಣಿಸುವ ಮಳೆ ನಕ್ಷತ್ರಗಳು ಹಾಗಲ್ಲ, ಅವು ಸೂರ್ಯನ ಲೆಕ್ಕದವು. ರೋಹಿಣಿ ಮೇ 25ರ ಸುಮಾರಿಗೆ, ಮಿರಗ (ಮೃಗಶಿರಾ) ಜೂನ್ 8ರ ಸುಮಾರಿಗೆ, ಆರಿದ್ರಾ ಜೂನ್ 22ರ ಸುಮಾರಿಗೆ ಹುಟ್ಟುತ್ತವೆ. ನಿಮ್ಮ ಮುತ್ಯಾನ ಮಿರಗಕ್ಕೂ ನಿಮ್ಮ ಮಿರಗಕ್ಕೂ ಹೆಚ್ಚೆಂದರೆ ಒಂದೆರಡು ದಿನದ ವ್ಯತ್ಯಾಸ. ಹದಿಮೂರು-ಹದಿನಾಲ್ಕು ದಿನದ ಈ ಕಂತುಗಳು ಹೋಲಿಕೆಗೆ ತಿಂಗಳ ಲೆಕ್ಕಕ್ಕಿಂತ ಚೆನ್ನಾಗಿ ಒದಗುತ್ತವೆ. ಇಡೀ ಜೂನ್ ತಿಂಗಳಿನ ಮಳೆ ಸರಿಯಾಗಿಯೇ ಇತ್ತು ಅಂತ ವರದಿ ಹೇಳಬಹುದು, ಆದರೆ ಮಿರಗ ಪೂರ್ತಿ ಒಣಗಿಹೋಗಿರುತ್ತದೆ. ನಕ್ಷತ್ರದ ಫಲ, ಭವಿಷ್ಯ ಅದೆಲ್ಲ ಬೇರೆ ಮಾತು. ನಾನು ಹೇಳುತ್ತಿರುವುದು ದಿನಾಂಕದ ಅನುಕೂಲ ಅಷ್ಟೇ.

ಅಳೆಯೋಕೆ ಮೇಲಿಂದ ಕೆಳಗಿನವರೆಗೆ ಒಂದೇ ಅಗಲದ ನೇರ ಡಬ್ಬಿ ಮತ್ತು ಒಂದು ಸ್ಕೇಲ್ ಸಾಕು. ಬಾಯಿ ಎಷ್ಟೇ ದೊಡ್ಡದಿದ್ದರೂ ನೀರಿನ ಆಳವೇ ಮಳೆಯ ಲೆಕ್ಕ. ಮರ, ಗೋಡೆ ಎಷ್ಟು ಎತ್ತರವೋ ಕನಿಷ್ಠ ಅದರ ಎರಡರಷ್ಟು ದೂರ ಇಡಿ. ಬೆಳಿಗ್ಗೆ 8.30ಕ್ಕೆ ನೋಡಿ, ಆ ದಿನದ ತಾರೀಖಿಗೇ ಬರೆಯಿರಿ. ಮಳೆ ಬಂದಿಲ್ಲವೆಂದರೆ ಸೊನ್ನೆ ಹಾಕಿ. ನೋಡೋಕೆ ಆಗದ ದಿನ ಗೆರೆ ಎಳೆಯಿರಿ. ಇದು ಸಣ್ಣ ವಿಷಯ ಅನಿಸಬಹುದು. ಆದರೆ ಖಾಲಿ ಬಿಟ್ಟ ಸಾಲು ಒಣ ದಿನವೋ, ನೀವು ಮದುವೆಗೆ ಹೋದ ದಿನವೋ ಅಂತ ಮುಂದೆ ಯಾರಿಗೂ ಗೊತ್ತಾಗಲ್ಲ. ಹಾಗಾದರೆ ಬಿಡುವಿನ ಲೆಕ್ಕವೇ ಹಾಳು.

ಬಿಸಿಲಿನ ವಿಷಯಕ್ಕೆ ನಗರದವರು ಸ್ವಲ್ಪ ಹುಷಾರಾಗಿರಬೇಕು. ಶಹಾಬಾದ್ ಕಲ್ಲಿನ ಗೋಡೆಗೆ ಥರ್ಮಾಮೀಟರ್ ನೇತುಹಾಕಿದರೆ ಅದು ಹೇಳುವುದು ಕಲ್ಲಿನ ಬಿಸಿ. ಮೊಬೈಲ್ ತೋರಿಸುವುದು ಹೆಚ್ಚಾಗಿ ಲೆಕ್ಕ ಹಾಕಿ ತೆಗೆದ ಅಂದಾಜು, ನಿಮ್ಮ ಓಣಿಯಲ್ಲಿ ಅಳೆದದ್ದಲ್ಲ. ರಾತ್ರಿ ಸೆಖೆ ಹೆಚ್ಚಿದೆ ಅನಿಸಿದರೆ ಅದರಲ್ಲಿ ಕಾಂಕ್ರೀಟಿನ ಪಾಲು ಎಷ್ಟು ಅನ್ನೋದು ತಿಳಿಯಲು ಹತ್ತಿರದ ಹಳ್ಳಿಯ ಬೆಳಗಿನ ಕನಿಷ್ಠ ತಾಪಮಾನದ ಜೊತೆ ಹೋಲಿಸಬೇಕು.

ಒಂದು ವರ್ಷ ನೋಡಿ ತೀರ್ಪು ಕೊಡಬೇಡಿ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಊರುಗಳು ಮುಳುಗಿದವು. ಆಗ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಈ ಕಡೆ ಹಾದುಹೋಗಿತ್ತು. ಜೊತೆಗೆ ಬಹಳಷ್ಟು ನೀರು ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಂದಿತ್ತು. ನದಿಯ ಮಟ್ಟ ನೋಡಿ ನಿಮ್ಮೂರ ಮಳೆ ಅಳೆಯಲಾಗದು. 2023ರ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಆ ವರ್ಷ ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರದ ನೀರು ಎಂದಿಗಿಂತ ಬಿಸಿಯಾಗುವ ವಿದ್ಯಮಾನ, ಇತ್ತು. ಹವಾಮಾನದ ಸರಾಸರಿಗೆ ಸಾಮಾನ್ಯವಾಗಿ 30 ವರ್ಷದ ಲೆಕ್ಕ ಹಿಡಿಯುವುದು ಇದಕ್ಕೇ.

ಮೂವತ್ತು ವರ್ಷ ಕಾಯಬೇಕಾ? ಬೇಡ. ಗ್ರಾಮ ಪಂಚಾಯ್ತಿಗಳಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ. ತಾಲೂಕು ಮಟ್ಟದ ದಾಖಲೆ ಇನ್ನೂ ಹಿಂದಿನದು. ನಿಮ್ಮ ಡಬ್ಬಿಯ ಎರಡು-ಮೂರು ಮುಂಗಾರಿನ ಲೆಕ್ಕವನ್ನು ಪಂಚಾಯ್ತಿಯ ಲೆಕ್ಕದ ಪಕ್ಕ ಇಟ್ಟರೆ ಅದನ್ನು ನಿಮ್ಮ ಹೊಲಕ್ಕೆ ಎಷ್ಟು ನಂಬಬಹುದು ಅನ್ನೋದು ಗೊತ್ತಾಗುತ್ತದೆ. ಆಮೇಲೆ ಸಿಕ್ಕಷ್ಟು ಹಳೆಯ ದಿನವಾರು ಲೆಕ್ಕ ತೆಗೆದು ನಕ್ಷತ್ರವಾರು ಹಂಚಿ. ಎಲ್ಲವನ್ನೂ ಒಟ್ಟಿಗೆ ನೋಡೋಕೆ ಹೋಗಬೇಡಿ. ಮೊದಲು ಮಿರಗ ಮತ್ತು ಆರಿದ್ರಾ ನೋಡಿ, ಹೆಸರು-ಉದ್ದಿನ ಬಿತ್ತನೆ ಅವುಗಳ ಮೇಲೆ ನಿಂತಿದೆ. ಆಮೇಲೆ ಉತ್ತರಾ ಮತ್ತು ಹಸ್ತ, ಅಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಹತ್ತರ ಸುಮಾರಿನವರೆಗೆ. ಆಗ ಹೊಲದಲ್ಲಿ ನಿಂತ ನೀರು ತೊಗರಿಗೆ ಪೆಟ್ಟು, ಹೊಲ ಒಣಗಿದರೆ ಹಿಂಗಾರಿ ಜೋಳ, ಕಡಲೆ ಬಿತ್ತನೆಗೆ ಪೆಟ್ಟು.